ಶ್ರುತಪಂಚಮಿಗೆ ಪೂಜೆಯಾಗುವ ಶಾಸ್ತ್ರ ಓದುವವರು ಯಾರು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಮಕ್ಕಳ ಮುಂದಿರುವ ಒಂದು ದಾರಿ

ಜ್ಯೇಷ್ಠ ಶುದ್ಧ ಪಂಚಮಿಯ ದಿನ ಬಸದಿಯ ಕಪಾಟಿನಿಂದ ಶಾಸ್ತ್ರಗಳು ಹೊರಗೆ ಬರುತ್ತವೆ. ಹಳೇ ವಸ್ತ್ರ ತೆಗೆದು ಹೊಸ ವಸ್ತ್ರ ಸುತ್ತುತ್ತಾರೆ. ಅಷ್ಟದ್ರವ್ಯದಿಂದ ಪೂಜೆಯಾಗುತ್ತದೆ, ಕೆಲವು ಕಡೆ ಜಿನವಾಣಿಯನ್ನು ತಲೆಯ ಮೇಲೆ ಹೊತ್ತು ಮೆರವಣಿಗೆಯೂ ನಡೆಯುತ್ತದೆ. ಸಂಜೆಗೆ ಎಲ್ಲವೂ ಮತ್ತೆ ಕಪಾಟಿಗೆ ಹೋಗುತ್ತವೆ. ಅಚ್ಚಾದ ಪುಸ್ತಕವಾದರೆ ಓದುವವರು ಸಿಗುತ್ತಾರೆ. ಆದರೆ ಮನೆತನದ ಟ್ರಂಕಿನಲ್ಲಿ ಓಲೆಗರಿಯ ಒಂದು ಕಟ್ಟು ಇದ್ದರೆ, ಅಥವಾ ಹಳೇ ವಿಗ್ರಹದ ಪೀಠದ ಮೇಲೆ ನಾಲ್ಕು ಸಾಲು ಅಕ್ಷರ ಕೊರೆದಿದ್ದರೆ, ಅದನ್ನು ಓದಿ ಹೇಳುವವರಿಗಾಗಿ ಧಾರವಾಡಕ್ಕೋ ಮೈಸೂರಿಗೋ ಫೋನ್ ಮಾಡಬೇಕಾದ ಸ್ಥಿತಿ ಇದೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2024ರ ಅಕ್ಟೋಬರ್ 3ರಂದು ಕೇಂದ್ರ ಸಚಿವ ಸಂಪುಟ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ನೀಡಿತು. ಅಂದೇ ಪಾಲಿ, ಮರಾಠಿ, ಬಂಗಾಳಿ, ಅಸ್ಸಾಮಿ ಭಾಷೆಗಳಿಗೂ ಆ ಸ್ಥಾನ ಸಿಕ್ಕಿತು. ಕನ್ನಡಕ್ಕೆ ಅದು 2008ರಲ್ಲೇ ಬಂದಿತ್ತು. ಹೀಗಾಗಿ ಕರ್ನಾಟಕದ ಜೈನರ ಆಗಮ ಭಾಷೆ, ಕಾವ್ಯ ಭಾಷೆ ಎರಡೂ ಈಗ ಶಾಸ್ತ್ರೀಯ ಭಾಷೆಗಳು. ಮರುವರ್ಷದ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಮಿಷನ್ ಘೋಷಣೆಯಾಯಿತು. ದೇಶದ 1 ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಹುಡುಕಿ, ದಾಖಲಿಸಿ, ಸಂರಕ್ಷಿಸುವುದು ಅದರ ಉದ್ದೇಶ. ಸಮಾಜದ ವಾಟ್ಸಾಪ್ ಗುಂಪುಗಳಲ್ಲಿ ಎರಡೂ ಸುದ್ದಿಗೆ ಅಭಿನಂದನೆಗಳು ಹರಿದವು. ಆದರೆ ಸಮೀಕ್ಷೆ ಮಾಡಲು, ಲಿಪಿ ಗುರುತಿಸಲು, ಪಟ್ಟಿ ಬರೆಯಲು ಬಲ್ಲ ಜನ ಬೇಕು. ಹಣ ದಿಲ್ಲಿಯಿಂದ ಬರಬಹುದು, ಓದುವ ಕಣ್ಣು ದಿಲ್ಲಿಯಿಂದ ಬರುವುದಿಲ್ಲ.

ಈ ನಾಲ್ಕು ಊರುಗಳ ಜೈನ ಮನೆಗಳ ಮಕ್ಕಳ ಓದಿನ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ಪಿಯುಸಿ ಆದ ಮೇಲೆ ಜಾಣರು ಇಂಜಿನಿಯರಿಂಗ್, ಮೆಡಿಕಲ್ ಎಂದು ಹೋಗುತ್ತಾರೆ. ಉಳಿದವರು ಬಿ.ಕಾಂ. ಮಾಡಿ ಅಡತಿ ಅಂಗಡಿ, ಕಿರಾಣಿ, ಬಟ್ಟೆ ಅಂಗಡಿಯ ಗಾದಿಗೆ ಬಂದು ಕೂಡುತ್ತಾರೆ. ಹೆಣ್ಣುಮಕ್ಕಳು ಪದವಿ ಮುಗಿಸಿ ವರ ಗೊತ್ತಾಗುವವರೆಗೆ ಒಂದೆರಡು ವರ್ಷ ಮನೆಯಲ್ಲೇ ಇರುತ್ತಾರೆ. ‘ಆರ್ಟ್ಸ್’ ಎಂದರೆ ಮಾರ್ಕ್ಸ್ ಬರದವರ ಓದು ಎಂಬ ಮಾತು ಇನ್ನೂ ಹೋಗಿಲ್ಲ. ಸನ್ಮಾನ ಸಮಾರಂಭಗಳ ಪಟ್ಟಿ ನೋಡಿದರೆ ಸಾಕು, ಸಿ.ಎ., ಎಂ.ಬಿ.ಬಿ.ಎಸ್.ಗೆ ಶಾಲು ಹೊದಿಸುತ್ತಾರೆ, ಪ್ರಾಕೃತ ಕಲಿತವರನ್ನು ವೇದಿಕೆಗೆ ಕರೆದದ್ದು ಅಪರೂಪ.

ಪದವಿಯ ನಂತರದ ಸರ್ಟಿಫಿಕೇಟ್ ಕೋರ್ಸ್ ಎಂಬುದು ಇಲ್ಲಿಯೇ ಉಪಯೋಗಕ್ಕೆ ಬರುವಂಥದ್ದು. ಎಂ.ಎ.ಗೆ ಎರಡು ವರ್ಷ ಬೇಕು, ಊರು ಬಿಡಬೇಕು. ಸರ್ಟಿಫಿಕೇಟ್ ಆದರೆ ಆರು ತಿಂಗಳೋ ಒಂದು ವರ್ಷವೋ, ಒಂದೇ ವಿಷಯ. ಅದು ಪ್ರಾಕೃತ, ಜೈನಶಾಸ್ತ್ರ, ಶಾಸನಶಾಸ್ತ್ರ, ಹಸ್ತಪ್ರತಿಶಾಸ್ತ್ರ ಯಾವುದಾದರೂ ಆಗಬಹುದು. ಅಂಗಡಿ ನಡೆಸುತ್ತಲೇ ಮಾಡಬಹುದು. 2022ರಲ್ಲಿ ಯುಜಿಸಿ ಒಂದೇ ಸಮಯಕ್ಕೆ ಎರಡು ಕೋರ್ಸ್ ಓದಲು ಅವಕಾಶ ಕೊಟ್ಟಿದೆ, ಅವುಗಳಲ್ಲಿ ಒಂದು ದೂರಶಿಕ್ಷಣವಾಗಿರಬಹುದು. ಬಿ.ಕಾಂ. ಓದುವ ಹುಡುಗ ಪದವಿ ಮುಗಿಯುವವರೆಗೂ ಕಾಯಬೇಕಾಗಿಲ್ಲ. ಮೊದಲ ವರ್ಷಕ್ಕೇ ಪದವಿ ಓದು ನಿಲ್ಲಿಸಿದರೂ ಸರ್ಟಿಫಿಕೇಟ್ ಸಿಗುವ ವ್ಯವಸ್ಥೆ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿತ್ತು. ಕರ್ನಾಟಕ 2024-25ರಿಂದ ಹಳೆಯ ಮೂರು ವರ್ಷದ ಪದವಿಗೆ ಮರಳಿದೆ. ಆ ಸರ್ಟಿಫಿಕೇಟನ್ನೂ ಇದನ್ನೂ ಒಂದೇ ಎಂದು ತಿಳಿಯಬಾರದು.

ಎಲ್ಲಿ ಕಲಿಯುವುದು? ಶ್ರವಣಬೆಳಗೊಳದ ರಾಷ್ಟ್ರೀಯ ಪ್ರಾಕೃತ ಅಧ್ಯಯನ ಮತ್ತು ಸಂಶೋಧನ ಸಂಸ್ಥೆ ಪ್ರಾಕೃತ ಕಲಿಕೆಯ ಜತೆಗೆ ಧವಲಾ ಗ್ರಂಥಗಳನ್ನು ಕನ್ನಡಕ್ಕೆ ತರುವ ದೊಡ್ಡ ಕೆಲಸವನ್ನೂ ಕೈಗೆತ್ತಿಕೊಂಡ ಸಂಸ್ಥೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವೇ ಇದೆ. ರಾಜಸ್ಥಾನದ ಲಾಡನೂನಿನ ಜೈನ ವಿಶ್ವಭಾರತಿ ದೂರಶಿಕ್ಷಣದಲ್ಲಿ ಜೈನವಿದ್ಯೆ ಕಲಿಸುತ್ತದೆ. ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರ ಡಿಪ್ಲೊಮಾ ನಡೆಸುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಶಾಸನಶಾಸ್ತ್ರ ವಿಭಾಗವಿದೆ. ಇಗ್ನೋದ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲೇ ಇದೆ. ಪಟ್ಟಿ ಚೆನ್ನಾಗಿದೆ. ಆದರೆ ಪ್ರಾಕೃತ ವ್ಯಾಕರಣವನ್ನೋ ಹಳೇ ಲಿಪಿಯನ್ನೋ ಎದುರಿಗೆ ಕೂತು ಕಲಿಸುವ ಗುರು ಇಂಡಿಯ ಹುಡುಗನಿಗೆ ದಿನದ ಬಸ್ಸಿನ ದೂರದಲ್ಲಿ ಸಿಗುವುದಿಲ್ಲ. ಅಂಚೆಯಲ್ಲಿ ಬಂದ ಪುಸ್ತಕ ಎರಡು ತಿಂಗಳು ಉತ್ಸಾಹದಿಂದ ಓದಿಸಿಕೊಳ್ಳುತ್ತದೆ. ತೊಗರಿ ಸುಗ್ಗಿ ಬಂದರೆ ಗಾದಿಯ ಕೆಳಗೆ ಸೇರುತ್ತದೆ.

ಈ ಸೀಮೆಗೆ ವಿದ್ಯೆ ಹೊಸದಾಗಿ ಬರಬೇಕಾದದ್ದೇನಲ್ಲ. ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನ ಕ್ರಿ.ಶ. 945ರದ್ದು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದವು, ದೀಪದ ಎಣ್ಣೆಗೂ ಭೂಮಿ ಬಿಟ್ಟಿದ್ದರು. ಅದು ವೈದಿಕ ವಿದ್ಯಾಕೇಂದ್ರ. ಅದೇ ರಾಷ್ಟ್ರಕೂಟರ ಆಳ್ವಿಕೆಯಲ್ಲೇ ವೀರಸೇನ, ಜಿನಸೇನ ಆಚಾರ್ಯರು ಧವಲಾ, ಜಯಧವಲಾ ಟೀಕೆಗಳನ್ನು ಬರೆದು ಮುಗಿಸಿದರು. ಜಿಲ್ಲೆಯ ಹೊನವಾಡದ 1054ರ ಶಾಸನ ಚಾಂಕಿರಾಜ ಕಟ್ಟಿಸಿದ ಬಸದಿಯ ವಿಷಯ ಹೇಳುತ್ತದೆ. ಇಂಥ ಶಾಸನಗಳನ್ನು ಓದಿ ಅಚ್ಚು ಹಾಕಿದವರು ಯಾರೋ ಇದ್ದರು, ಅದಕ್ಕೇ ಇಂದು ಹೇಳಲು ಬರುತ್ತದೆ.

ಅಂಥವರಲ್ಲಿ ಸಿಂದಗಿ ತಾಲೂಕಿನವರೇ ಆದ ಎಂ.ಎಂ. ಕಲಬುರ್ಗಿಯವರೂ ಒಬ್ಬರು. ಹಳ್ಳಿಯಿಂದ ಹೊರಟು, ವಿಜಯಪುರದಲ್ಲಿ ಕಾಲೇಜು ಓದಿ, ಧಾರವಾಡದಲ್ಲಿ ಪ್ರಾಧ್ಯಾಪಕರಾಗಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು. ಅವರಿಗಿಂತ ಮೊದಲು ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ ಮನೆಮನೆ ತಿರುಗಿ ವಚನಗಳ ಓಲೆಗರಿ ಕೂಡಿಸಿದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಹಾಕಿದರು. ಇಡೀ ಬದುಕನ್ನು ಅದಕ್ಕೆ ಸವೆಸಿದರು. ಇದೇ ಜಿಲ್ಲೆಯ ಜೈನ ಮನೆಗಳ ಕಟ್ಟುಗಳನ್ನು ಹಾಗೆ ತಿರುಗಿ ಹುಡುಕಿದ ಹಳಕಟ್ಟಿ ಜೈನ ಸಮಾಜದಲ್ಲಿ ಹುಟ್ಟಲಿಲ್ಲ. ಇದನ್ನು ಒಪ್ಪಿಕೊಳ್ಳಬೇಕು.

ಆದರೆ ವ್ಯಾಪಾರಿಗಳಿಂದ ಈ ಕೆಲಸ ಆಗದು ಎನ್ನುವವರು ಇಂಡಿಯಿಂದ ಸೊಲ್ಲಾಪುರದ ಕಡೆ ನೋಡಬೇಕು. ಅಲ್ಲಿಯ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿ ತಾವು ಗಳಿಸಿದ್ದನ್ನು ಧರ್ಮ ಮತ್ತು ಸಮಾಜಕ್ಕೆ ಹೇಗೆ ಬಳಸಬೇಕು ಎಂದು ಊರೂರು ತಿರುಗಿ ವಿದ್ವಾಂಸರ ಅಭಿಪ್ರಾಯ ಕೇಳಿದರು. 1941ರಲ್ಲಿ ಗಜಪಂಥ ಕ್ಷೇತ್ರದಲ್ಲಿ ವಿದ್ವಾಂಸರನ್ನು ಸೇರಿಸಿ ಜೈನ ಸಂಸ್ಕೃತಿ ಸಂರಕ್ಷಕ ಸಂಘ ಸ್ಥಾಪಿಸಿ 30,000 ರೂಪಾಯಿ ಘೋಷಿಸಿದರು. 1944ರಲ್ಲಿ ಸುಮಾರು ಎರಡು ಲಕ್ಷ ರೂಪಾಯಿ ಬೆಲೆಯ ತಮ್ಮ ಇಡೀ ಆಸ್ತಿಯನ್ನು ಟ್ರಸ್ಟಿಗೆ ಒಪ್ಪಿಸಿದರು. ಆ ಹಣದಿಂದ ಬಂದದ್ದೇ ಜೀವರಾಜ ಜೈನ ಗ್ರಂಥಮಾಲೆ. ಅದರ ಮೊದಲ ಗ್ರಂಥ ಪ್ರಾಕೃತದ ತಿಲೋಯಪಣ್ಣತ್ತಿ. ಅದನ್ನು ಸಂಪಾದಿಸಿದವರು ಹೀರಾಲಾಲ ಜೈನ ಮತ್ತು ಬೆಳಗಾವಿ ಜಿಲ್ಲೆಯ ಸದಲಗಾದ ಎ.ಎನ್. ಉಪಾಧ್ಯೆ. ಉಪಾಧ್ಯೆಯವರು ಕೊಲ್ಲಾಪುರದಲ್ಲಿ ಪ್ರಾಕೃತ ಕಲಿಸಿ, ಕೊನೆಗೆ ಮೈಸೂರಿನ ಜೈನಶಾಸ್ತ್ರ ವಿಭಾಗಕ್ಕೆ ಬಂದರು. ಶೇಂಗಾ, ಕುಸುಬೆ, ನಿಂಬೆಹಣ್ಣಿನ ಲೆಕ್ಕ ಬರೆಯುವ ಸೀಮೆಯಿಂದಲೇ ದಾನಿಯೂ ಬಂದರು, ವಿದ್ವಾಂಸರೂ ಬಂದರು.

ತಂದೆ-ತಾಯಿ ಮೊದಲು ಕೇಳುವುದು ‘ಇದರಿಂದ ನೌಕರಿ ಸಿಗುತ್ತದೇನು?’ ಎಂದು. ಅದಕ್ಕೆ ನೇರ ಉತ್ತರ ಕೊಡಬೇಕು. ಸರ್ಟಿಫಿಕೇಟ್ ಒಂದರಿಂದಲೇ ಸರ್ಕಾರಿ ನೌಕರಿ ಸಿಗುವುದಿಲ್ಲ. ಕಾಲೇಜು ಉಪನ್ಯಾಸಕರಾಗಲು ಎಂ.ಎ.ಯಲ್ಲಿ ಶೇ. 55 ಅಂಕ ಮತ್ತು ನೆಟ್ ಅಥವಾ ಕೆಸೆಟ್ ಬೇಕು. ನೆಟ್ ಪರೀಕ್ಷೆಯಲ್ಲಿ ಪ್ರಾಕೃತವೂ ಒಂದು ವಿಷಯ ಎಂಬುದು ಬಹಳ ಮನೆಗಳಿಗೆ ಗೊತ್ತೇ ಇಲ್ಲ. ಸರ್ಟಿಫಿಕೇಟ್ ಮಾಡಿದ ಹತ್ತು ಮಂದಿಯಲ್ಲಿ ಒಬ್ಬರಿಗೆ ರುಚಿ ಹತ್ತಿ ಎಂ.ಎ.ಗೆ ಹೋದರೂ ಲಾಭವೇ. ಉಳಿದ ಒಂಬತ್ತು ಮಂದಿ ಅಂಗಡಿಯಲ್ಲಿದ್ದುಕೊಂಡೇ ತಮ್ಮೂರ ಬಸದಿಯ ಪೀಠ ಲೇಖ ಓದಬಲ್ಲರು. ನೌಕರಿ ಆಸೆ ತೋರಿಸಿ ಸೇರಿಸಿದರೆ ಮುಂದೆ ಬೈಗುಳ ಸಮಾಜಕ್ಕೇ ಬರುತ್ತದೆ.

ಶುಲ್ಕ ಕಟ್ಟುವ ಮುಂಚೆ ಒಂದು ಎಚ್ಚರಿಕೆ ಬೇಕು. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಯುಜಿಸಿ 2015ರಲ್ಲಿ ನಿರಾಕರಿಸಿದಾಗ ಸಾವಿರಾರು ವಿದ್ಯಾರ್ಥಿಗಳು ಅತಂತ್ರರಾದರು, 2018ರಲ್ಲಿ ಮತ್ತೆ ಮಾನ್ಯತೆ ಸಿಕ್ಕಿತು. ಸರ್ಕಾರಿ ವಿಶ್ವವಿದ್ಯಾಲಯಕ್ಕೇ ಹೀಗಾದ ಮೇಲೆ, ಹೆಸರು ಕೇಳಿರದ ಆನ್‌ಲೈನ್ ಸಂಸ್ಥೆಗಳ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ದೂರಶಿಕ್ಷಣದ ಪದವಿಗಳಾದರೆ ಆ ವರ್ಷದ ಯುಜಿಸಿ ಪಟ್ಟಿಯಲ್ಲಿ ಸಂಸ್ಥೆಯ ಹೆಸರನ್ನೂ ಕೋರ್ಸಿನ ಹೆಸರನ್ನೂ ನೋಡಬೇಕು. ಮಠ, ಪರಿಷತ್ತುಗಳ ಸರ್ಟಿಫಿಕೇಟ್ ಕಲಿಕೆಗೆ ಒಳ್ಳೆಯದು, ಆದರೆ ಅದನ್ನು ವಿಶ್ವವಿದ್ಯಾಲಯದ ಸರ್ಟಿಫಿಕೇಟಿಗೆ ಸಮ ಎಂದು ಅರ್ಜಿಯಲ್ಲಿ ಬರೆಯಬಾರದು.

ಗುರುವಿನ ಕೊರತೆಗೆ ಉಪಾಯವಿದೆ, ಅದು ಭಾನುವಾರದ ವರ್ಗ. ನಾಲ್ಕೂ ತಾಲೂಕು ಕೇಂದ್ರಗಳಿಂದ ವಿಜಯಪುರಕ್ಕೆ ಬೆಳಿಗ್ಗೆ ಬಂದು ಸಂಜೆ ಮರಳಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಖರ್ಚೂ ಇಲ್ಲ. ಸಹಸ್ರಫಣಿ ಪಾರ್ಶ್ವನಾಥನ ದರ್ಶನಕ್ಕೆ ಹೇಗೂ ಜನ ವಿಜಯಪುರಕ್ಕೆ ಬರುತ್ತಾರೆ. ನಿವೃತ್ತ ಪ್ರಾಧ್ಯಾಪಕರೊಬ್ಬರನ್ನು ಧಾರವಾಡದಿಂದಲೋ ಬೆಳಗಾವಿಯಿಂದಲೋ ತಿಂಗಳಿಗೆ ಎರಡು ಸಲ ಕರೆಸಲು ಆಗುವ ಖರ್ಚು ಒಂದು ಪಂಚಕಲ್ಯಾಣದ ಮಂಟಪದ ಹೂವಿನ ಅಲಂಕಾರಕ್ಕಿಂತ ಹೆಚ್ಚಾಗಲಾರದು. ನಾಲ್ಕು ಊರುಗಳ ಕಮಿಟಿಗಳು ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಸದ್ಯದ ತೊಡಕು ಹಣದ್ದಲ್ಲ. ಇಂಡಿಯವರು ವಿಜಯಪುರದವರನ್ನು, ವಿಜಯಪುರದವರು ಧಾರವಾಡದವರನ್ನು ಕೇಳುವುದು ಯಾರು ಎಂಬುದೇ ತೊಡಕು.

ಶ್ರುತಪಂಚಮಿ ಬರುವುದು ಜುಲೈ ಪ್ರವೇಶದ ಹೊತ್ತಿಗೆ ಸ್ವಲ್ಪ ಮುಂಚೆ. ಪೂಜೆ ಮುಗಿದ ಮೇಲೆ, ಪ್ರಸಾದಕ್ಕೆ ಮೊದಲು, ಕೋರ್ಸಿನ ಮಾಹಿತಿ ಓದಿ ಹೆಸರು ಬರೆಸಿಕೊಳ್ಳಲು ಹತ್ತು ನಿಮಿಷ ಸಾಕು. ಅಂದೇ ಮನೆಯಲ್ಲಿ ಓಲೆಗರಿ ಇದ್ದವರು ಎಷ್ಟು ಕಟ್ಟು, ಯಾರ ಬಳಿ ಎಂದು ಕಮಿಟಿಯ ವಹಿಯಲ್ಲಿ ಬರೆಸಬಹುದು. ಕಟ್ಟನ್ನು ಯಾರಿಗೂ ಕೊಡಬೇಕಾಗಿಲ್ಲ, ಎಣ್ಣೆ ಹಚ್ಚಲೂ ಬಾರದು, ಬಿಸಿಲಿಗಿಡಲೂ ಬಾರದು. ಓದಬಲ್ಲವರು ಬರುವವರೆಗೆ ಒಣ ಜಾಗದಲ್ಲಿ, ಹತ್ತಿ ಬಟ್ಟೆಯಲ್ಲಿ ಕಟ್ಟಿ ಇಟ್ಟರೆ ಸಾಕು.