ಸುಮ್ಮನಿದ್ದರೂ ಮಾತಾಡುವ ಮಿದುಳು

ಮಿದುಳಿನ ಎಡಭಾಗದಲ್ಲಿ, ಮಾತಿನ ಕೇಂದ್ರದ ಮಗ್ಗುಲಲ್ಲೇ ಗಡ್ಡೆಯೊಂದು ಬೆಳೆದಿದೆ ಎನ್ನಿ. ಪೂರ್ತಿ ಕಿತ್ತರೆ ರೋಗಿಯ ಮಾತೇ ಹೋಗಬಹುದು. ಅಂಚು ಬಿಟ್ಟರೆ ಗಡ್ಡೆ ಮತ್ತೆ ಚಿಗುರಬಹುದು. ಶಸ್ತ್ರವೈದ್ಯರ ಕತ್ತಿ ಎಲ್ಲಿ ನಿಲ್ಲಬೇಕು?

1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ, 'ಟಾನ್' ಎಂಬ ಒಂದೇ ಸದ್ದು ಹೊರಡಿಸುತ್ತಿದ್ದ ರೋಗಿಯ ಶವಪರೀಕ್ಷೆ ಮಾಡಿ ಮಾತಿನ ಠಾವು ತೋರಿಸಿದ. ಪಠ್ಯಪುಸ್ತಕದಲ್ಲಿ ಆ ಜಾಗಕ್ಕೆ ಈಗಲೂ ಅವನದೇ ಹೆಸರು. ಆದರೆ ತಲೆಯಿಂದ ತಲೆಗೆ ಈ ಠಾವು ಅಷ್ಟಿಷ್ಟು ಸರಿದಿರುತ್ತದೆ. ಕೆಲವು ಎಡಚರಲ್ಲಂತೂ ಬಲಗಡೆಗೇ ಹೋಗಿರುತ್ತದೆ. ಗಡ್ಡೆಯೂ ಅದನ್ನು ಪಕ್ಕಕ್ಕೆ ತಳ್ಳಿರುತ್ತದೆ.

ಹಾಗಾಗಿ ರೋಗಿಯನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, 'ಪ್ರಾಣಿಗಳ ಹೆಸರು ನೆನಪಿಸಿಕೊಳ್ಳಿ' ಎಂದು ಹೇಳಿ, ರಕ್ತ ಎಲ್ಲಿಗೆ ಹೆಚ್ಚು ಹರಿಯುತ್ತದೆಂದು ನೋಡುವ ಪದ್ಧತಿ ಬಂತು. ಒಳ್ಳೆಯದೇ. ಆದರೆ ಮಾತು ಆಗಲೇ ತೊದಲುತ್ತಿರುವವರು, ಹೇಳಿದಂತೆ ಕೇಳದ ಪುಟ್ಟ ಮಕ್ಕಳು ಏನು ಮಾಡಬೇಕು?

ಉತ್ತರ ಬೇರೆ ದಿಕ್ಕಿನಿಂದ ಬಂತು. 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಏನೂ ಮಾಡದೆ ಮಲಗಿದವರ ಮಿದುಳನ್ನೇ ಗಮನಿಸಿದರು. ಎಡ-ಬಲ ಕೈಗಳನ್ನು ಆಡಿಸುವ ಎರಡೂ ಕಡೆಯ ಭಾಗಗಳಲ್ಲಿ ಸಂಕೇತ ನಿಧಾನವಾಗಿ, ಒಟ್ಟೊಟ್ಟಿಗೇ ಏರಿಳಿಯುತ್ತಿತ್ತು. ಒಂದೊಂದು ಅಲೆಗೆ ಹತ್ತು ಸೆಕೆಂಡಿಗೂ ಹೆಚ್ಚು ಹೊತ್ತು. ಇದು ಬರೀ ಗದ್ದಲ ಎಂದವರೇ ಬಹಳ.

ರಾತ್ರಿ ಬೆಟ್ಟದ ಮೇಲಿಂದ ಊರನ್ನು ನೋಡಿ. ದೂರದೂರದ ಎರಡು ಬೀದಿಗಳ ದೀಪ ಒಟ್ಟಿಗೇ ಮಂಕಾಗಿ, ಒಟ್ಟಿಗೇ ಬೆಳಗಿದರೆ ಎರಡಕ್ಕೂ ಒಂದೇ ಟ್ರಾನ್ಸ್‌ಫಾರ್ಮರ್ ಎಂದು ಊಹಿಸಬಹುದಲ್ಲ? ಯಾರ ಮನೆಯ ಬಾಗಿಲನ್ನೂ ತಟ್ಟಬೇಕಿಲ್ಲ. ಮಾತಿನ ಬೀದಿಗಳನ್ನೂ ಹೀಗೆಯೇ ಗುರುತಿಸುತ್ತಾರೆ. ರೋಗಿ ಹತ್ತು ನಿಮಿಷ ಅಲುಗಾಡದೆ ಮಲಗಿದರೆ ಸಾಕು. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಜ್ಞರು ಶಸ್ತ್ರಕ್ರಿಯೆಗೆ ಮುನ್ನ ಇಂಥ ನಕಾಶೆ ಬಳಸುತ್ತಿದ್ದಾರೆ.

ಹಾಗೆಂದು ಇದನ್ನೇ ಪೂರ್ತಿ ನಂಬುವಂತಿಲ್ಲ. ತಲೆ ತುಸು ಅಲುಗಿದರೂ ಚಿತ್ರ ಕೆಡುತ್ತದೆ. ಗಡ್ಡೆಯ ಸುತ್ತ ರಕ್ತನಾಳಗಳ ವರ್ತನೆಯೇ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಜೊತೆಗೂಡಿ ಮಿಡಿಯುವ ಭಾಗವೆಲ್ಲ ಮಾತಿಗೆ ಅನಿವಾರ್ಯ ಎಂದೇನಿಲ್ಲ. ಆದ್ದರಿಂದಲೇ ವೈದ್ಯರು ಈಗಲೂ ತಲೆಬುರುಡೆ ತೆರೆದು, ರೋಗಿಯನ್ನು ಎಚ್ಚರಿಸಿ, ಚಿತ್ರಗಳನ್ನು ಹೆಸರಿಸಲು ಹೇಳುತ್ತಲೇ ವಿದ್ಯುತ್ ಕಡ್ಡಿ ತಾಗಿಸುತ್ತಾರೆ. ಮಾತು ತಡವರಿಸಿದಲ್ಲಿ ಕತ್ತಿ ನಿಲ್ಲುತ್ತದೆ. ಎಲ್ಲೆಲ್ಲಿ ಮೊದಲು ತಾಗಿಸಬೇಕು ಎಂಬುದನ್ನು ಹೊಸ ನಕಾಶೆ ತಿಳಿಸುತ್ತದೆ. ಐದು ವರ್ಷದ ಮಗುವನ್ನು ಹಾಗೆ ಎಚ್ಚರಿಸಿ ಮಾತಾಡಿಸುವುದು ಆಗದ ಮಾತು. ಮದ್ದು ಕೊಟ್ಟು ಮಲಗಿಸಿ ತೆಗೆದ ನಕಾಶೆ ಅಲ್ಲಿ ಹೆಚ್ಚು ತೂಗುತ್ತದೆ, ಆ ಮದ್ದೂ ಅಲೆಗಳನ್ನು ಒಂದಿಷ್ಟು ಬದಲಿಸುತ್ತದಾದರೂ.