ತರಬೇತಿ ಆನ್‌ಲೈನ್ ಆಯ್ತು, ಖರ್ಚು ನಮ್ಮ ತಲೆಗೆ ಬಂತು

ಕೆಲಸಕ್ಕೆ ಸೇರುವ ಮುಂಚೆಯೇ ಕೆಲಸ ಶುರುವಾಗುವ ಕಾಲ ಇದು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ, ನವುಲೆಯ ಜೆಎನ್‌ಎನ್ ಇಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತಲ ಬಾಡಿಗೆ ರೂಮುಗಳಲ್ಲಿರುವ ಫೈನಲ್ ಇಯರ್ ಹುಡುಗ ಹುಡುಗಿಯರನ್ನು ಕೇಳಿ ನೋಡಿ. ಆಫರ್ ಲೆಟರ್ ಹಿಂದೆಯೇ ಒಂದು ಲಿಂಕ್ ಬರುತ್ತೆ. ಇಷ್ಟು ಗಂಟೆ ವಿಡಿಯೊ, ಇಷ್ಟು ಅಸೈನ್‌ಮೆಂಟ್, ಕೊನೆಗೊಂದು ಪರೀಕ್ಷೆ. ಸಂಬಳ? ಸೇರಿದ ಮೇಲೆ. ಸೇರುವುದು ಯಾವಾಗ? ಮೇಲ್ ಬಂದಾಗ.

ಕೋವಿಡ್ ನಂತರ ಈ ಪದ್ಧತಿ ಎಷ್ಟು ಸಹಜವಾಗಿಬಿಟ್ಟಿದೆ ಅಂದ್ರೆ, ಇದರಲ್ಲಿ ಪ್ರಶ್ನಿಸುವಂಥದ್ದು ಏನಿದೆ ಅಂತ ಕೇಳುವವರೇ ಹೆಚ್ಚು. ಚರ್ಚೆ ನಡೆದರೂ ಅದು ಒಂದೇ ಜಾಡಿನಲ್ಲಿ ಸಾಗುತ್ತೆ: ಆನ್‌ಲೈನ್ ತರಬೇತಿ ಒಳ್ಳೆಯದೋ, ಎದುರುಬದುರು ಕೂತು ಕಲಿಯುವುದು ಒಳ್ಳೆಯದೋ? ಒಬ್ಬರು ಗುರುಶಿಷ್ಯ ಪರಂಪರೆಯ ಮಾತಾಡ್ತಾರೆ, ಇನ್ನೊಬ್ಬರು ಡಿಜಿಟಲ್ ಇಂಡಿಯಾ ಅಂತಾರೆ. ನನ್ನ ತಕರಾರು ಇರುವುದು ಈ ಪ್ರಶ್ನೆಯ ಮೇಲೆಯೇ. ಕಲಿಸುವುದು ಪರದೆಯ ಮೇಲೋ ಕೋಣೆಯೊಳಗೋ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ. ಕಲಿಯುವ ಹೊತ್ತಿಗೆ ದುಡ್ಡು ಕೊಡೋರು ಯಾರು? ಕಲಿಕೆ ಸೋತರೆ ನಷ್ಟ ಯಾರದು?

ಭದ್ರಾವತಿಯಲ್ಲಿ ಕಲಿಕೆ ಅಂದ್ರೆ ಏನಾಗಿತ್ತು

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಸವಳಂಗ ರಸ್ತೆಯಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಭದ್ರಾವತಿ ಇದೆ. 1918ರಲ್ಲಿ ಸ್ಥಾಪನೆಯಾಗಿ 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಇವತ್ತಿನ ವಿಐಎಸ್‌ಎಲ್, ಉಕ್ಕು ಮಾತ್ರ ತಯಾರು ಮಾಡಲಿಲ್ಲ. ಕುಲುಮೆ, ಎರಕ, ಲೇತ್ ಏನೂ ಗೊತ್ತಿಲ್ಲದ ಮಲೆನಾಡಿನ ಮತ್ತು ಬಯಲುಸೀಮೆಯ ರೈತರ ಮಕ್ಕಳನ್ನು ಕುಶಲ ಕಾರ್ಮಿಕರನ್ನಾಗಿಯೂ ಮಾಡಿತು. ಸರ್ ಎಂ. ವಿಶ್ವೇಶ್ವರಯ್ಯ ಈ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಅದಕ್ಕಾಗಿ ಸರ್ಕಾರದಿಂದ ತಮಗೆ ಬರಬೇಕಿದ್ದ ಸಂಭಾವನೆಯನ್ನು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸಿ ಅಂದರು. ಹಾಗೆ ಬಂದದ್ದು 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ, ಇವತ್ತಿನ ಎಸ್‌ಜೆ ಪಾಲಿಟೆಕ್ನಿಕ್. ಕೌಶಲಕ್ಕೆ ದುಡ್ಡು ಹಾಕುವುದು ಉದ್ಯಮದ, ಸರ್ಕಾರದ ಜವಾಬ್ದಾರಿ ಅನ್ನುವ ತಿಳಿವಳಿಕೆ ಆ ಕಾಲಕ್ಕೆ ಇತ್ತು.

ಇದನ್ನು ಸುವರ್ಣಯುಗ ಮಾಡಿ ಮೆರೆಸೋದು ಬೇಡ. 1961ರ ಅಪ್ರೆಂಟಿಸ್ ಕಾಯ್ದೆ ಅಪ್ರೆಂಟಿಸ್‌ಗಳನ್ನು ‘ಕಾರ್ಮಿಕರಲ್ಲ, ತರಬೇತಿ ಪಡೆಯುವವರು’ ಅಂತಲೇ ನೋಡುತ್ತೆ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಲೂ ಹೇಳಲ್ಲ. ಆದರೂ ಅಲ್ಲಿ ಒಂದು ಒಪ್ಪಂದ ಇರುತ್ತೆ, ಅದು ನೋಂದಣಿಯಾಗುತ್ತೆ. ಅವಧಿ, ಕೆಲಸದ ಗಂಟೆ, ಸ್ಟೈಪೆಂಡ್ ಬರಹದಲ್ಲಿರುತ್ತೆ. 2019ರ ತಿದ್ದುಪಡಿಯಾದ ನಿಯಮಗಳು ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ನಿಗದಿ ಮಾಡಿದವು. ಕಡಿಮೆಯೇ, ನಿಜ. ಆದರೆ ಸೊನ್ನೆ ಅಲ್ಲ.

ಸೇರುವ ಮುಂಚಿನ ಆನ್‌ಲೈನ್ ತರಬೇತಿಗೆ ಇದ್ಯಾವುದೂ ಇಲ್ಲ. ಒಪ್ಪಂದ ಇಲ್ಲ, ಸ್ಟೈಪೆಂಡ್ ಇಲ್ಲ. ಲ್ಯಾಪ್‌ಟಾಪ್ ಅಪ್ಪನದ್ದು, ಡೇಟಾ ಪ್ಯಾಕ್ ಅಮ್ಮನದ್ದು, ರೂಮಿನ ಬಾಡಿಗೆ ಸಾಲದ್ದು. ಕರೆಂಟ್ ಹೋದರೆ ನಿಮ್ಮ ಹಣೆಬರಹ. ಹಿಂದೆ ಕಂಪನಿಯ ಲೆಕ್ಕಪುಸ್ತಕದಲ್ಲಿದ್ದ ತರಬೇತಿ ವೆಚ್ಚ ಸದ್ದಿಲ್ಲದೆ ಮನೆಯ ಖರ್ಚಿನ ಪಟ್ಟಿಗೆ ಬಂದು ಕೂತಿದೆ.

ಹಾಗಾದರೆ ಮೈಸೂರು?

ಎದುರುಬದುರು ತರಬೇತಿ ಇದ್ದರೆ ಎಲ್ಲ ಸರಿಯಾಗುತ್ತೆ ಅನ್ನುವವರು 2025ರ ಫೆಬ್ರವರಿಯನ್ನು ನೆನಪಿಸಿಕೊಳ್ಳಬೇಕು. ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್‌ಗಿಂತ ಒಳ್ಳೆಯ ತರಗತಿ, ಹಾಸ್ಟೆಲ್, ಲೈಬ್ರರಿ ದೇಶದಲ್ಲಿ ಎಷ್ಟು ಕಂಪನಿಗಳ ಬಳಿ ಇದೆ? ಅಲ್ಲೇ, ಆಂತರಿಕ ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಅಂತ 300ಕ್ಕೂ ಹೆಚ್ಚು ಹೊಸಬರನ್ನು ಹೊರಗೆ ಕಳಿಸಲಾಯಿತು. ಸಂಖ್ಯೆ ಇನ್ನೂ ಜಾಸ್ತಿ ಅಂತ ಐಟಿ ನೌಕರರ ಸಂಘಟನೆ ನೈಟ್ಸ್ ಹೇಳಿತು. ಅವರಲ್ಲಿ ಅನೇಕರು 2022ರಲ್ಲಿ ಆಫರ್ ಪಡೆದು, ಎರಡು ವರ್ಷದಷ್ಟು ಕಾದು, 2024ರ ಕೊನೆಯ ತಿಂಗಳುಗಳಲ್ಲಿ ಸೇರಿದವರು. ಪ್ರತಿಯೊಬ್ಬರಿಗೂ ಮೂರು ಅವಕಾಶ ಇರುತ್ತೆ, ಈ ಪದ್ಧತಿ ಎರಡು ದಶಕದಿಂದ ಇದೆ ಅಂತ ಕಂಪನಿ ಸಮರ್ಥಿಸಿಕೊಂಡಿತು. ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯಕ್ಕೆ ಪತ್ರ ಬರೆಯಿತು, ರಾಜ್ಯ ಕಾರ್ಮಿಕ ಇಲಾಖೆಯವರು ಹೋಗಿ ನೋಡಿದರು. ಕೊನೆಗೆ ಅಧಿಕಾರಿಗಳ ಕಡೆಯಿಂದ ಬಂದ ವಿವರಣೆಯ ಸಾರ ಇಷ್ಟೇ: ಇವರು ಟ್ರೈನಿಗಳು, ಕಾಯಂ ನೌಕರರಲ್ಲ, ಹಾಗಾಗಿ ಇದನ್ನು ಲೇಆಫ್ ಅನ್ನೋಕೆ ಆಗಲ್ಲ.

ಎಲ್ಲಾ ಗಂಟು ಇರುವುದು ಈ ‘ಟ್ರೈನಿ’ ಅನ್ನುವ ಪದದಲ್ಲೇ. ತರಬೇತಿಯ ಹೆಸರಿನಲ್ಲಿ ಒಂದು ಕಾಯುವ ಕೋಣೆ ಕಟ್ಟಿಬಿಟ್ಟರೆ, ಅದರೊಳಗೆ ಇರುವವರು ಕಾಲೇಜಿಗೂ ಸೇರಿದವರಲ್ಲ, ಕಂಪನಿಗೂ ಸೇರಿದವರಲ್ಲ. ಕೋಣೆಗೆ ಗೋಡೆ ಇದೆಯೋ ಅಥವಾ ಬರೀ ಲಾಗಿನ್ ಪಾಸ್‌ವರ್ಡ್ ಇದೆಯೋ ಅನ್ನುವುದು ಆಮೇಲಿನ ಮಾತು.

ರಾಜ್ಯ ಸರ್ಕಾರದ ಪಾಲು ಇದರಲ್ಲಿ ಸಣ್ಣದೇನಲ್ಲ. ನೇಮಕ, ರಜೆ, ಶಿಸ್ತುಕ್ರಮ, ವಜಾ ಮುಂತಾದ ಷರತ್ತುಗಳನ್ನು ಕಂಪನಿಗಳು ಬರಹದಲ್ಲಿ ಇಡಬೇಕು ಎನ್ನುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ವಲಯಕ್ಕೆ ಕರ್ನಾಟಕ ವಿನಾಯಿತಿ ಕೊಡುತ್ತಲೇ ಬಂತು. 2024ರ ಜೂನ್‌ನಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಈಗ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ಒಂದಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಸ್ಥಾಯಿ ಆದೇಶದ ಮಾತು ಬರುವುದೇ 300 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ. ಛಟ್ನಿ ಮಾಡಿದ ಪ್ರತಿ ಕಾರ್ಮಿಕನ ಹೆಸರಿನಲ್ಲಿ 15 ದಿನದ ವೇತನವನ್ನು ಮರುಕೌಶಲ ನಿಧಿಗೆ ಕಟ್ಟಬೇಕು ಎನ್ನುವ ಅಂಶವೂ ಅದರಲ್ಲಿದೆ. ಒಳ್ಳೆಯದೇ. ಆದರೆ ‘ಕಾರ್ಮಿಕ’ ಅಂತಲೇ ಒಪ್ಪಿಕೊಳ್ಳದ ಟ್ರೈನಿಗೆ ಅದರಿಂದ ಏನು ಸಿಗುತ್ತೆ?

ಪಕ್ಕದಲ್ಲಿ ಕೂತವರು ಕೊಡುವುದೇನು

ಹಾಗಂತ ಮಾಧ್ಯಮ ಮುಖ್ಯವೇ ಅಲ್ಲ ಅಂತ ನಾನು ಹೇಳ್ತಿಲ್ಲ. ಅಮೆರಿಕದ ದೊಡ್ಡ ಕಂಪನಿಯೊಂದರ ಸಾಫ್ಟ್‌ವೇರ್ ಇಂಜಿನಿಯರುಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು ಇದು: ತಂಡದವರ ಜೊತೆ ಒಂದೇ ಕಟ್ಟಡದಲ್ಲಿ ಕೂತವರ ಕೋಡ್‌ಗೆ ಸಿಗುವ ಪ್ರತಿಕ್ರಿಯೆ ಸುಮಾರು ಶೇ 20ರಷ್ಟು ಹೆಚ್ಚು. ಹೊಸಬರಿಗೆ, ಅದರಲ್ಲೂ ಯುವತಿಯರಿಗೆ, ಇದರ ಲಾಭ ಜಾಸ್ತಿ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳುತ್ತೆ. ಹೊಸಬರಿಗೆ ಹೇಳಿಕೊಡುತ್ತಾ ಕೂತ ಹಿರಿಯರ ಸ್ವಂತ ಕೆಲಸ ಕಡಿಮೆಯಾಗುತ್ತೆ. ಅಂದ್ರೆ ಪಕ್ಕದಲ್ಲಿ ಕೂತು ಕಲಿಸುವುದು ಪುಕ್ಕಟೆ ಅಲ್ಲ, ಅದಕ್ಕೆ ಹಿರಿಯರ ಹೊತ್ತು ಖರ್ಚಾಗುತ್ತೆ. ವಿಡಿಯೊ ಒಮ್ಮೆ ಮಾಡಿಟ್ಟರೆ ಲಕ್ಷ ಜನರಿಗೆ ಹಾಕಬಹುದು. ಕಂಪನಿಗಳಿಗೆ ಆನ್‌ಲೈನ್ ಮೇಲೆ ಇಷ್ಟೊಂದು ಪ್ರೀತಿ ಯಾಕೆ ಅನ್ನುವುದಕ್ಕೆ ಇದಕ್ಕಿಂತ ಸರಳ ವಿವರಣೆ ಬೇಕೇ?

ಇನ್ನೊಂದು ಲೆಕ್ಕ ನೋಡಿ. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸುಗಳ ಮಾಹಿತಿ ಇಟ್ಟುಕೊಂಡು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಪ್ರಕಾರ, 2017-18ರಲ್ಲಿ ಸೇರಿದ ಎಲ್ಲರಲ್ಲಿ ಕೋರ್ಸ್ ಮುಗಿಸಿದವರು ಶೇ 3ರ ಆಸುಪಾಸು. ದುಡ್ಡು ಕಟ್ಟಿ ಪ್ರಮಾಣಪತ್ರಕ್ಕೆ ನೋಂದಾಯಿಸಿದವರಲ್ಲಿ ಶೇ 46. ಪರದೆ ಅದೇ, ಪಾಠ ಅದೇ. ಕಲಿಯುವ ಮನಸ್ಸು, ಪುರುಸೊತ್ತು, ಕಟ್ಟೋಕೆ ದುಡ್ಡು ಇದ್ದವರು ಮುಗಿಸಿದರು. ‘ಕೋರ್ಸ್ ಫ್ರೀ ಇದೆಯಲ್ಲ, ಕಲಿಯೋಕೇನು ರೋಗ?’ ಅಂತ ಯುವಜನರಿಗೆ ಬೈಯುವ ಮುಂಚೆ, ಸಂಜೆ ಡೆಲಿವರಿ ಬ್ಯಾಗ್ ಹೊತ್ತು ಓಡಾಡಿ ರಾತ್ರಿ ಹನ್ನೊಂದಕ್ಕೆ ಲಾಗಿನ್ ಆಗುವ ಹುಡುಗನಿಗೆ ಎಷ್ಟು ಪುರುಸೊತ್ತಿದೆ ಅಂತಲೂ ಯೋಚಿಸಬೇಕು.

ಕಲಿತ ಮೇಲೆ ಲಾಭ ಯಾರಿಗೆ ಅನ್ನುವುದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳೇ ಸಾಕ್ಷಿ. ಅಲ್ಲಿನ ಮಹಿಳಾ ಕಾರ್ಮಿಕರಿಗೆ ಕಾರ್ಖಾನೆಯೊಳಗೇ ಎದುರುಬದುರು ಕೂರಿಸಿ ಸುಮಾರು 80 ಗಂಟೆ ಮಾತುಗಾರಿಕೆ, ಸಮಯ ನಿರ್ವಹಣೆಯಂಥ ಕೌಶಲ ಕಲಿಸಿದರು. ಕಲಿತವರ ಉತ್ಪಾದಕತೆ ಸುಮಾರು ಶೇ 13 ಏರಿತು. ಎಂಟು ತಿಂಗಳಲ್ಲಿ ಕಂಪನಿಗೆ ಶೇ 250ಕ್ಕೂ ಹೆಚ್ಚು ನಿವ್ವಳ ಲಾಭ ಬಂತು. ಕಾರ್ಮಿಕರ ಕೂಲಿ ಏರಿದ್ದು? ಶೇ 0.5. ಮುಖಾಮುಖಿ ತರಬೇತಿ ಕೆಲಸ ಮಾಡುತ್ತೆ ಅನ್ನೋದಕ್ಕೂ, ಅದರ ಫಸಲು ಯಾರ ಮನೆಗೆ ಹೋಗುತ್ತೆ ಅನ್ನೋದಕ್ಕೂ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆನ್‌ಲೈನ್ ಬೇಡವೇ ಬೇಡ ಅನ್ನೋಣವೇ?

ಖಂಡಿತ ಇಲ್ಲ. ಇದೇ ಸವಳಂಗ ರಸ್ತೆ ಹಿಡಿದು ಮುಂದೆ ಹೋದರೆ ಶಿಕಾರಿಪುರ ಸಿಗುತ್ತೆ. ಅಲ್ಲಿನ ಹಳ್ಳಿಯ ಮನೆಯಲ್ಲಿ ‘ಮಗಳನ್ನು ಒಬ್ಬಳೇ ಬೆಂಗಳೂರಿಗೆ ಕಳಿಸಲ್ಲ’ ಅಂದುಬಿಟ್ಟರೆ, ಆ ಹುಡುಗಿಗೆ ಫೋನಿನ ಪಾಠವೇ ಇರುವ ಒಂದೇ ಬಾಗಿಲು. ಬೆಂಗಳೂರಿನಲ್ಲಿ ಮೂರು ತಿಂಗಳು ಪಿಜಿ ಬಾಡಿಗೆ, ಊಟ, ಬಸ್ಸು ಅಂತ ಲೆಕ್ಕ ಹಾಕಿದರೆ ‘ಉಚಿತ’ ತರಗತಿ ಎಷ್ಟು ದುಬಾರಿ ಅಂತ ಗೊತ್ತಾಗುತ್ತೆ. ತರಗತಿಯಲ್ಲಿ ಇಂಗ್ಲಿಷ್ ಬಾರದೆ ಬಾಯಿಬಿಡದೆ ಕೂತವನು ವಿಡಿಯೊವನ್ನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಹತ್ತು ಸಲ ಕೇಳಬಹುದು. ಯಾರೂ ನಗಲ್ಲ. ಜಾತಿ, ಭಾಷೆ, ಬಟ್ಟೆ ನೋಡಿ ಅಳೆಯುವ ಕಣ್ಣುಗಳು ನಮ್ಮ ಕ್ಲಾಸ್‌ರೂಮುಗಳಲ್ಲಿ ಕಡಿಮೆಯೇನಿಲ್ಲ.

ಹಾಗಾಗಿ ಆನ್‌ಲೈನ್‌ನ ಶಕ್ತಿ ಇರೋದು ತಲುಪುವುದರಲ್ಲಿ. ತೊಂದರೆ ಬರುವುದು ‘ತಲುಪಿತು’ ಅನ್ನುವುದನ್ನೇ ‘ಕಲಿಸಿದೆವು’ ಅಂತ ಲೆಕ್ಕ ಬರೆಯುವಾಗ. ಇದು ಕಂಪನಿಗಳ ಕಾಯಿಲೆ ಮಾತ್ರವಲ್ಲ. ಶಿಕ್ಷಕರ ತರಬೇತಿಯ ‘ನಿಷ್ಠಾ’ ಯೋಜನೆ 2019ರಲ್ಲಿ 42 ಲಕ್ಷ ಶಿಕ್ಷಕರ ಗುರಿಯೊಂದಿಗೆ ಮುಖಾಮುಖಿಯಾಗಿ ಶುರುವಾಯ್ತು. 2020ರ ಅಕ್ಟೋಬರ್‌ನಲ್ಲಿ ದೀಕ್ಷಾ ವೇದಿಕೆಯ 18 ಮಾಡ್ಯೂಲುಗಳಾಗಿ ಫೋನಿಗೆ ಬಂತು. ಲಾಕ್‌ಡೌನ್ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ, ಒಪ್ಪೋಣ. ಆದರೆ ಮಾಡ್ಯೂಲ್ ಮುಗಿಸಿದ ಪ್ರಮಾಣಪತ್ರಗಳನ್ನು ಎಣಿಸುವ ಚಟ ಲಾಕ್‌ಡೌನ್ ಹೋದ ಮೇಲೂ ಹೋಗಲಿಲ್ಲ. ಮೇಷ್ಟ್ರು ಮನೆಯಲ್ಲಿ ಅಡುಗೆ ಮಾಡುತ್ತಾ ವಿಡಿಯೊ ಓಡಿಸಿದರೂ ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ಟಿಕ್ ಬೀಳುತ್ತೆ.

ನಮ್ಮೂರಿಗೆ ಇನ್ನೂ ಹತ್ತಿರದ ಉದಾಹರಣೆ ಯುವನಿಧಿ. 2024ರ ಜನವರಿ 12ರಂದು ಅದಕ್ಕೆ ಚಾಲನೆ ಸಿಕ್ಕಿದ್ದು ಶಿವಮೊಗ್ಗದಲ್ಲೇ, ಹಳೇ ಜೈಲು ಆವರಣದ ಫ್ರೀಡಂ ಪಾರ್ಕ್‌ನಲ್ಲಿ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಇದನ್ನು ಬಿಟ್ಟಿಭಾಗ್ಯ ಅಂತ ಗೇಲಿ ಮಾಡುವವರು ಒಂದು ಸಂಗತಿ ಗಮನಿಸಲಿ. ಕಂಪನಿಗಳು ಸಂಬಳವಿಲ್ಲದೆ ಕಾಯಿಸುವ, ಪುಕ್ಕಟೆ ಕೋರ್ಸ್ ಮಾಡಿಸುವ ಅವಧಿಗೆ ಯುವಜನರ ಕೈಗೆ ಸ್ವಲ್ಪ ದುಡ್ಡು ಕೊಡುತ್ತಿರುವುದು ಈ ಯೋಜನೆಯೇ. ಅಂದ್ರೆ ಖಾಸಗಿ ಕಂಪನಿಗಳ ತರಬೇತಿ ವೆಚ್ಚದ ಒಂದು ಭಾಗವನ್ನು ನಮ್ಮ ತೆರಿಗೆ ಹಣ ಹೊರುತ್ತಿದೆ. ಹಾಗಿದ್ದ ಮೇಲೆ ಕಂಪನಿಗಳಿಗೆ ಷರತ್ತು ಹಾಕುವ ಹಕ್ಕೂ ಸರ್ಕಾರಕ್ಕೆ ಇದೆ.

ಕೇಳಬೇಕಾದ್ದು ಇಷ್ಟು

ಒಂದು, ಆಫರ್ ಲೆಟರ್ ಕೊಟ್ಟ ಮೇಲೆ ಕಡ್ಡಾಯ ಮಾಡಿದ ಪ್ರತಿ ಗಂಟೆಯ ತರಬೇತಿಗೂ ದುಡ್ಡು ಕೊಡಬೇಕು, ಅದು ಆನ್‌ಲೈನ್ ಆಗಿರಲಿ, ಕ್ಯಾಂಪಸ್‌ನಲ್ಲಿರಲಿ. ಸೇರುವ ದಿನಾಂಕವನ್ನು ಪತ್ರದಲ್ಲೇ ಬರೆಯಬೇಕು. ತಡವಾದರೆ ಪರಿಹಾರ ಕೊಡಬೇಕು.

ಎರಡು, ಪರೀಕ್ಷೆಯ ನಿಯಮ ಮೊದಲೇ ಬರಹದಲ್ಲಿರಬೇಕು, ನಡುವೆ ಬದಲಾಗಬಾರದು. ಫೇಲಾದವರಿಗೆ ಮೇಲ್ಮನವಿಯ ದಾರಿ ಇರಬೇಕು. ‘ಟ್ರೈನಿ’ಗೂ ಕಾರ್ಮಿಕ ಇಲಾಖೆಯ ಬಾಗಿಲು ತೆರೆದಿರಬೇಕು.

ಮೂರು, ವಿಡಿಯೊ ಮನೆಯಲ್ಲಿ ನೋಡಲಿ, ಆದರೆ ವಾರಕ್ಕೆ ಎರಡು ದಿನವಾದರೂ ಕೈಯಿಟ್ಟು ಕಲಿಯುವ, ಎದುರಿಗೆ ಕೂತು ಕೇಳುವ ಜಾಗ ಜಿಲ್ಲೆಯಲ್ಲೇ ಸಿಗಬೇಕು. ಜಾಗಕ್ಕೇನು ಬರ? ಮಾಚೇನಹಳ್ಳಿಯಲ್ಲಿ ಐಟಿ ಪಾರ್ಕ್ ಇದೆ, ಸರ್ಕಾರಿ ಐಟಿಐ, ಪಾಲಿಟೆಕ್ನಿಕ್‌ಗಳಿವೆ. ಭದ್ರಾವತಿಯಲ್ಲಿ 2015ರಿಂದ ಉತ್ಪಾದನೆ ನಿಂತ ಎಂಪಿಎಂ ಇದೆ. 2023ರ ಜನವರಿಯಲ್ಲಿ ಸೈಲ್ ಮುಚ್ಚುವ ತೀರ್ಮಾನ ಮಾಡಿ, ಕಾರ್ಮಿಕರು ಬೀದಿಗಿಳಿದ ಮೇಲೆ ಕುಟುಕು ಜೀವ ಹಿಡಿದಿರುವ ವಿಐಎಸ್‌ಎಲ್ ಇದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಮೂವತ್ತು ವರ್ಷ ಯಂತ್ರದ ಮುಂದೆ ನಿಂತ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್‌ಗಳು ನಿವೃತ್ತರಾಗಿ ಮನೆಯಲ್ಲಿದ್ದಾರೆ. ಯಂತ್ರದ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಅಂತ ಹೇಳಬಲ್ಲ ಆ ಜ್ಞಾನ ಯಾವ ಮಾಡ್ಯೂಲ್‌ನಲ್ಲೂ ಇಲ್ಲ, ಅವರ ಜೊತೆಯೇ ಹೋಗಿಬಿಡುತ್ತೆ. ಅವರಿಗೆ ಗೌರವಧನ ಕೊಟ್ಟು ಕರೆಸಿ.

ಇದಕ್ಕೆಲ್ಲ ದುಡ್ಡೆಲ್ಲಿದೆ ಅಂತ ಕೇಳ್ತಾರೆ. ದುಡ್ಡು ಈಗಲೂ ಖರ್ಚಾಗುತ್ತಲೇ ಇದೆ, ಇಪ್ಪತ್ತೆರಡರ ವಯಸ್ಸಿನವರ ಮನೆಯಿಂದ. ಆ ಬಿಲ್ಲನ್ನು ಕಂಪನಿ ಮತ್ತು ಸರ್ಕಾರದ ಟೇಬಲ್ ಮೇಲೆ ಇಡುವ ಕೆಲಸವನ್ನು ಯಾವ ಆ್ಯಪ್ ಕೂಡ ನಮಗಾಗಿ ಮಾಡಿಕೊಡಲ್ಲ. ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸಿನಲ್ಲಿ, ವಿದ್ಯಾರ್ಥಿ ಸಂಘಟನೆಗಳಲ್ಲಿ, ಓಟು ಕೇಳಲು ಬರುವವರ ಮುಂದೆ ಈ ಲೆಕ್ಕವನ್ನು ನಾವೇ ಎತ್ತಬೇಕು. ಮುಂದಿನ ಸಲ ಲಿಂಕ್ ಬಂದಾಗ ಕ್ಲಿಕ್ ಮಾಡುವ ಮುಂಚೆ ವಾಪಸ್ ಒಂದು ಸಾಲು ಬರೆಯೋಣ: ಈ ಗಂಟೆಗಳಿಗೆ ಎಷ್ಟು ಕೊಡ್ತೀರಿ? ಒಬ್ಬರೇ ಕೇಳಿದರೆ ಆಫರ್ ಹೋಗಬಹುದು ಅನ್ನೋ ಭಯ ಸಹಜ. ಇಡೀ ಬ್ಯಾಚ್ ಒಟ್ಟಾಗಿ ಕೇಳಬೇಕಾದ್ದು ಅದಕ್ಕೇ.