ಜಪಾನಿನ ಟ್ರಾಮು, ಕೊಪ್ಪದ ಬಸ್ಸು

ನನಗೊಂದು ಚಟವಿದೆ. ರಾತ್ರಿ ಊಟ ಮುಗಿಸಿ, ಬಾಳೆಹೊನ್ನೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಜಪಾನಿನ ಟ್ರಾಮುಗಳನ್ನು ನೋಡುತ್ತೇನೆ. ಯಾರೋ ಪುಣ್ಯಾತ್ಮರು ಚಾಲಕನ ಬೆನ್ನ ಹಿಂದೆ ನಿಂತು, ಮುಂದಿನ ಗಾಜಿನಿಂದ ಕಾಣುವುದನ್ನೆಲ್ಲ ಚಿತ್ರಿಸಿರುತ್ತಾರೆ. ಮಾತಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಒಂದೇ ಡಬ್ಬಿಯ ಟ್ರಾಮು ಅಂಗಡಿಗಳ ನಡುವೆ ತೆವಳುತ್ತದೆ, ಸಿಗ್ನಲಿನಲ್ಲಿ ಕಾರುಗಳ ಜೊತೆ ತಾನೂ ನಿಲ್ಲುತ್ತದೆ, ಕೋಲೂರಿಕೊಂಡ ಅಜ್ಜಿಯೊಬ್ಬರು ಹತ್ತುವವರೆಗೆ ಕಾಯುತ್ತದೆ. ನೋಡುತ್ತಾ ಗಂಟೆ ಕಳೆದದ್ದು ತಿಳಿಯುವುದಿಲ್ಲ.

ಈ ಚಟ ನನ್ನೊಬ್ಬನದಲ್ಲ. ಇಂಥ ವಿಡಿಯೋಗಳನ್ನು ಹಂಚಿಕೊಳ್ಳುವ ಗೆಳೆಯರು ನನಗೆ ಬಹಳ ಮಂದಿ ಇದ್ದಾರೆ. ನನ್ನ ತಕರಾರು ಇರುವುದು ನೋಡುವುದರ ಬಗ್ಗೆ ಅಲ್ಲ, ನೋಡಿ ಮುಗಿಸಿದ ಮೇಲೆ ಬರುವ ಆ ಒಂದು ಮಾತಿನ ಬಗ್ಗೆ: “ಜಪಾನಿನವರ ಶಿಸ್ತು ನೋಡು ಮಾರಾಯ. ನಮ್ಮ ಜನಕ್ಕೆ ಇದೆಲ್ಲ ಆಗೋದಲ್ಲ.” ಕೇಳಲು ಇದು ವಿನಯದ ಮಾತಿನಂತಿದೆ. ನಿಜದಲ್ಲಿ ಇದು ಸೋಮಾರಿತನ. ಹೀಗಂದುಬಿಟ್ಟರೆ ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ.

ಶಿಸ್ತಿನಿಂದಲೇ ಟ್ರಾಮು ಉಳಿಯುವುದಾದರೆ ಕ್ಯೋಟೋದಲ್ಲಿ ಉಳಿಯಬೇಕಿತ್ತು. ಆ ಹಳೆಯ ರಾಜಧಾನಿ 1978ರಲ್ಲಿ ತನ್ನ ನಗರ ಟ್ರಾಮನ್ನು ಪೂರ್ತಿ ನಿಲ್ಲಿಸಿತು. ಕಾರುಗಳಿಗೆ ಅಡ್ಡಿ, ನಷ್ಟದ ವ್ಯವಹಾರ ಎಂಬ ಕಾರಣಕ್ಕೆ ಜಪಾನಿನ ಎಷ್ಟೋ ನಗರಗಳು ಅದೇ ಕಾಲದಲ್ಲಿ ಹಳಿ ಕಿತ್ತವು. ನಮ್ಮ ದೇಶದಲ್ಲಿ ಮದರಾಸು 1953ರಲ್ಲಿ, ಮುಂಬಯಿ 1964ರಲ್ಲಿ ಮಾಡಿದ್ದೂ ಇದನ್ನೇ. ಕ್ಯೋಟೋ ಬೇಡವೆಂದ ಗಾಡಿಗಳಲ್ಲಿ ಕೆಲವನ್ನು ಹಿರೋಶಿಮಾ ಕೊಂಡು ಓಡಿಸಿತು. ಆ ಹಿರೋಶಿಮಾದಲ್ಲಿ 1945ರ ಆಗಸ್ಟ್ 6ರಂದು ಬಾಂಬು ಬಿದ್ದ ಮೂರನೆಯ ದಿನಕ್ಕೆ, ಸುಟ್ಟ ಊರಿನ ಒಂದು ತುಂಡು ಹಾದಿಯಲ್ಲಿ ಮತ್ತೆ ಟ್ರಾಮು ಹೊರಟಿತ್ತು. ಬಾಂಬು ಕಂಡ ಗಾಡಿಗಳನ್ನು ದುರಸ್ತಿ ಮಾಡಿ ಹಲವು ದಶಕಗಳ ಕಾಲ ಓಡಿಸಿದರು. ಎರಡೂ ಊರಿನ ಜನ ಜಪಾನಿನವರೇ, ಶಿಸ್ತೂ ಒಂದೇ. ಬೇರೆಯಾದದ್ದು ತೀರ್ಮಾನ.

ತೀರ್ಮಾನದ ಮಾತು ಬಂದರೆ ತೊಯಾಮಾ ಊರನ್ನು ನೋಡಬೇಕು. ನಾಲ್ಕು ಲಕ್ಷದಷ್ಟು ಜನರ ಊರು. ಚದುರಿದ ಮನೆಗಳು, ಮನೆಮನೆಗೂ ಕಾರು, ಏರುತ್ತಿರುವ ಮುದುಕರ ಸಂಖ್ಯೆ. ಬಂದರಿಗೆ ಹೋಗುವ ಹಳೆಯ ರೈಲು ದಾರಿಯೊಂದು ಪ್ರಯಾಣಿಕರಿಲ್ಲದೆ ಸಾಯುತ್ತಿತ್ತು. ಮುಚ್ಚುವುದು ಸುಲಭವಿತ್ತು. ಊರು ಅದನ್ನು ಲಘು ರೈಲಾಗಿ ಬದಲಿಸಿ 2006ರ ಏಪ್ರಿಲಿನಲ್ಲಿ ಮತ್ತೆ ಓಡಿಸಿತು. ಹಗಲು ಹದಿನೈದು ನಿಮಿಷಕ್ಕೊಂದು ಗಾಡಿ, ಮುದುಕರು ಸಲೀಸಾಗಿ ಹತ್ತುವಂತೆ ತಗ್ಗಿನ ನೆಲ, ಮೊದಲಿಗಿಂತ ಹೆಚ್ಚು ನಿಲ್ದಾಣ. ಹಳಿ ಮತ್ತು ಗಾಡಿಯ ಖರ್ಚು ಸಾರ್ವಜನಿಕ ಹಣದ್ದು, ಓಡಿಸುವ ಜವಾಬ್ದಾರಿ ಕಂಪನಿಯದು. ವಾರದ ದಿನಗಳಲ್ಲಿ ಪ್ರಯಾಣಿಕರು ಎರಡು ಪಟ್ಟಾದರು. ಅರವತ್ತೈದು ದಾಟಿದವರು ಪಾಸು ಮಾಡಿಸಿಕೊಂಡರೆ ಕಡಿಮೆ ದರದಲ್ಲಿ ಪೇಟೆಗೆ ಬಂದು ಹೋಗಬಹುದು. ಇಲ್ಲಿ ಪವಾಡವೇನಿದೆ? ಮುದುಕರು ಮನೆಯಿಂದ ಹೊರಗೆ ಬರಬೇಕು, ಅದಕ್ಕೆ ತಗಲುವ ದುಡ್ಡನ್ನು ಊರೇ ಕೊಡಬೇಕು ಎಂದು ಯಾರೋ ಕೂತು ನಿರ್ಧರಿಸಿದರು, ಅಷ್ಟೆ.

ಈಗ ನಮ್ಮ ಕಡೆಗೆ ಬನ್ನಿ. “ನಮ್ಮ ಮಲೆನಾಡಿಗೆಲ್ಲಿಯ ಟ್ರಾಮು” ಎಂದು ನಗುವವರಿಗೆ ಒಂದು ಸಂಗತಿ. ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಲಘು ರೈಲು ಓಡುತ್ತಿತ್ತು. ಎರಡೇ ಅಡಿ ಅಗಲದ ಹಳಿ. ಬಾಳೆಹೊನ್ನೂರಿನಿಂದ ಇಪ್ಪತ್ತು ಕಿಲೋಮೀಟರು ಆಚೆ, ಕಾಡಿನೊಳಗೆ ಹೊಗೆ ಬಿಡುತ್ತಾ ಪುಟ್ಟ ಇಂಜಿನ್ನು ಬರುತ್ತಿತ್ತು. ಇದನ್ನು ಹೇಳಿದರೆ ನಮ್ಮ ಕಾಲೇಜು ಹುಡುಗರು ನಾನು ಕಥೆ ಕಟ್ಟುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಹಿರೋಶಿಮಾದ ಟ್ರಾಮಿನ ನಂಬರು ಬಾಯಿಪಾಠ ಇರುವ ಹುಡುಗನಿಗೂ ಇದು ಗೊತ್ತಿಲ್ಲ.

ಆದರೆ ಆ ರೈಲಿನ ಹೆಸರಿನಲ್ಲಿ ನಾನು ಕಣ್ಣೀರು ಹಾಕಲು ಹೊರಟಿಲ್ಲ. ಘಟ್ಟ ಕಡಿದು ಹೊಸ ರೈಲು ತನ್ನಿ ಎಂದೂ ಕೇಳುತ್ತಿಲ್ಲ. ನಮ್ಮ ಮಳೆಗೆ, ನಮ್ಮ ಗುಡ್ಡಗಳಿಗೆ ಏನಾಗುತ್ತಿದೆಯೆಂದು ಕಣ್ಣಾರೆ ನೋಡುತ್ತಿದ್ದೇವೆ. ನನಗೆ ನೋವಾಗುವುದು ಇನ್ನೂ ಹತ್ತಿರದ ಒಂದು ನಷ್ಟದಿಂದ.

ಕೊಪ್ಪದಲ್ಲಿ ಖಾಸಗಿ ಬಸ್ ಕಂಪನಿಯೊಂದರ ಕೆಲಸಗಾರರು 1991ರಲ್ಲಿ ತಾವೇ ಸೇರಿ ‘ಸಹಕಾರ ಸಾರಿಗೆ’ ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಮಾಲೀಕರು. ಕೆಲವೇ ಬಸ್ಸುಗಳಿಂದ ಶುರುವಾಗಿ ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳಿಗೆ ಬೆಳೆಯಿತು. ಕಾಲೇಜಿಗೆ ನಾನು ಅದರ ರಿಯಾಯಿತಿ ಪಾಸಿನಲ್ಲೇ ಹೋದವನು. ಒಂಟಿ ಮನೆಯ ದಣಪೆ ಎದುರಿಗೂ ಬಸ್ಸು ನಿಲ್ಲುತ್ತಿತ್ತು. ಅಡಿಕೆ ಚೀಲ, ಔಷಧಿ ಪೊಟ್ಟಣ, ಮಗಳ ಮನೆಗೆ ಹೋಗುವ ಹಲಸಿನ ಹಣ್ಣು, ಎಲ್ಲವನ್ನೂ ಹೊತ್ತು ತಲುಪಿಸುತ್ತಿತ್ತು. ಡೀಸೆಲ್ ಬೆಲೆ ಏರಿತು, ನಷ್ಟ ಬೆಳೆಯಿತು. 2020ರ ಫೆಬ್ರವರಿಯಲ್ಲಿ, ಲಾಕ್‌ಡೌನಿಗೂ ಮೊದಲೇ, ಬಸ್ಸುಗಳು ನಿಂತವು.

ಆಗ ನಾವು ಏನು ಮಾಡಿದೆವು? ಸ್ಟೇಟಸ್ಸಿನಲ್ಲಿ ಬಸ್ಸಿನ ಫೋಟೋ ಹಾಕಿದೆವು. “ಛೇ, ಪಾಪ” ಅಂದೆವು. ನಾನೂ ಅಂದವನೇ. ಬೈಕು ಕೊಂಡು ಎಷ್ಟೋ ವರ್ಷವಾಗಿತ್ತು, ಆ ಬಸ್ಸು ಹತ್ತದೆಯೂ ಅಷ್ಟೇ ವರ್ಷವಾಗಿತ್ತು. ಇದನ್ನು ಒಪ್ಪಿಕೊಳ್ಳದೆ ನಾನು ಬೇರೆಯವರಿಗೆ ಬುದ್ಧಿ ಹೇಳುವಂತಿಲ್ಲ.

“ಜಪಾನು ದುಡ್ಡಿದ್ದವರ ದೇಶ, ಹೋಲಿಸಬೇಡ” ಎನ್ನುವವರಿದ್ದಾರೆ. ಸರಿ, ದುಡ್ಡಿನ ಮಾತೇ ಆಡೋಣ. ನಮ್ಮ ಸರ್ಕಾರದ ಬಳಿಯೂ ಪ್ರಯಾಣಕ್ಕೆ ಕೊಡಲು ದುಡ್ಡಿದೆ. 2023ರ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ಒಳ್ಳೆಯದೇ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಬಸ್ಸೇ ಬಾರದ ಊರಿನ ಹೆಂಗಸಿಗೆ ಉಚಿತ ಟಿಕೆಟ್ಟು ಎಂದರೆ ಕನ್ನಡಿಯೊಳಗಿನ ಗಂಟು. ತೊಯಾಮಾ ದರ ಇಳಿಸಿದ್ದಷ್ಟೇ ಅಲ್ಲ, ಗಾಡಿಯನ್ನೂ ಖಾತ್ರಿ ಮಾಡಿತು. ಕೆಲಸಗಾರರೇ ಸುಮಾರು ಮೂವತ್ತು ವರ್ಷ ನಡೆಸಿ ತೋರಿಸಿದ ಬಸ್ಸಿಗೆ ಆ ಬಗೆಯ ಆಸರೆ ಸಿಗಬೇಕಿತ್ತು. ಅದನ್ನು ಗಟ್ಟಿಯಾಗಿ ಕೇಳಬೇಕಾದವರು ನಾವಾಗಿದ್ದೆವು.

ಮೊನ್ನೆ ರಾತ್ರಿ ಅಮ್ಮ ಬಂದು ಪಕ್ಕದಲ್ಲಿ ಕೂತರು. ಅವರ ತಂಗಿ, ನಮ್ಮ ಚಿಕ್ಕಮ್ಮ, ನರಸಿಂಹರಾಜಪುರದ ಆಚೆ ಒಂದು ಹಳ್ಳಿಯಲ್ಲಿದ್ದಾರೆ. ಸಂಜೆ ವಾಪಸು ಬರಲು ಬಸ್ಸಿಲ್ಲದ್ದಕ್ಕೆ ಅಮ್ಮ ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. “ನಾನು ಬೈಕಲ್ಲಿ ಬಿಡ್ತೇನೆ” ಅಂದರೆ, “ನಿನ್ನ ಪುರುಸೊತ್ತು ನೋಡ್ಕಂಡು ನಾನು ತಂಗಿ ಮನೆಗೆ ಹೋಗ್ಬೇಕಾ?” ಅನ್ನುತ್ತಾರೆ. ಆವತ್ತು ತೊಯಾಮಾದ ಟ್ರಾಮು ಓಡುತ್ತಿತ್ತು. ಅಮ್ಮ ಅದರ ಬಣ್ಣ ನೋಡಲಿಲ್ಲ, ಶಿಸ್ತು ಹೊಗಳಲಿಲ್ಲ. ಕೇಳಿದ್ದು ಒಂದೇ: “ಇದು ಎಷ್ಟೊತ್ತಿಗೊಂದು ಬರ್ತದೆ?”

ಟ್ರಾಮನ್ನು ನೋಡಬೇಕಾದದ್ದು ಹೀಗೆ. ಎಷ್ಟು ಹೊತ್ತಿಗೆ ಬರುತ್ತದೆ, ಯಾರು ಹತ್ತಬಹುದು, ದುಡ್ಡು ಯಾರು ಕೊಡುತ್ತಾರೆ? ಮುಂದಿನ ಸಲ ಇಂಥ ವಿಡಿಯೋ ಹಂಚುವಾಗ “ನಮ್ಮ ಜನಕ್ಕೆ ಆಗೋದಲ್ಲ” ಎಂದು ಬರೆಯುವ ಮೊದಲು, ನಿಮ್ಮ ಊರಿನ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಒಮ್ಮೆ ವಿಚಾರಿಸಿ. ಗೊತ್ತಿಲ್ಲದಿದ್ದರೆ ನಾಳೆ ಸ್ಟ್ಯಾಂಡಿಗೆ ಹೋಗಿ ಕೇಳಿ. ಬಸ್ಸೇ ಇಲ್ಲ ಎಂದರೆ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನೇ ಹೇಳಿ. ನಾನು ಹೇಳಲು ಹೊರಟಿದ್ದೇನೆ. ಅಮ್ಮನೂ ಬರುತ್ತೇನೆ ಅಂದಿದ್ದಾರೆ.